ಮುರಿದ ಸೂಜಿಗಳ ರಿಜಿಸ್ಟರು

ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹೋಗುವ ರಸ್ತೆಯಲ್ಲಿ
ನೀಲಿ ಶೀಟಿನ ಸೂರಿನ ಕೆಳಗೆ ನನಗೊಂದು ಮೇಜು.
ಒಂದು ಅಯಸ್ಕಾಂತ, ಒಂದು ಭೂತಗನ್ನಡಿ, ಅಂಟು ಟೇಪು,
ಹೊಸ ಸೂಜಿಗಳಿರುವ ಬೀಗದ ಡಬ್ಬಿ.
ಒಳಗೆ ಹೋಗುವ ಮುಂಚೆ ಹೆಂಗಸರು
ಸೀರೆಯ ಪಿನ್ನು ಕಳಚಿ ನನ್ನ ಬಟ್ಟಲಿಗೆ ಹಾಕುತ್ತಾರೆ,
ಸಂಜೆ ಯಾರದು ಯಾರಿಗೋ.

ಹಳೆಯ ಸೂಜಿ ತಂದರಷ್ಟೇ ಹೊಸ ಸೂಜಿ.
ಮುರಿದಿದ್ದರೆ ತುಂಡೆಲ್ಲ ತರಬೇಕು.
ಬುಡ, ನಡು, ತುದಿ ಪುಟದ ಮೇಲೆ ಕೂಡಿಸಿ
ಒಂದು ಸೂಜಿಯ ಉದ್ದ ಆಗುವ ತನಕ
ನನ್ನ ಸಹಿ ಬೀಳುವುದಿಲ್ಲ.
'ಮೂರನೇ ದಿನ ಮೂಳೆ ಆಯ್ದ ಹಾಗೆ ಆಯ್ತೀಯಲ್ಲೇ'
ಅನ್ನುತ್ತಾಳೆ ಚಿಕ್ಕನರಸಮ್ಮ, ಕಾಜ ಹೊಲಿಯುತ್ತ.

ಗೋಡೆಯ ಮೇಲೆ ಗಾಜು ಹಾಕಿಸಿದ ಪ್ರಮಾಣಪತ್ರಗಳು.
ಒಂದು ಹತ್ತಿಯ ಜಾತಕ: ಯಾವ ಹೊಲ, ಯಾವ ಜಿನ್ನು, ಯಾವ ನೂಲು.
ಇನ್ನೊಂದು ಬಣ್ಣದ್ದು:
ಕೂಸು ಬಾಯಿಗಿಟ್ಟು ಚೀಪಿದರೂ ಅಂಗಿ ಬಣ್ಣ ಬಿಡದು.
ಅದಕ್ಕಾಗಿ ಜೊಲ್ಲನ್ನು ಲ್ಯಾಬಿನಲ್ಲಿ ಉಪ್ಪು ಹಾಕಿ ಕಾಯಿಸುತ್ತಾರಂತೆ.
ಎರಡು ಹೆತ್ತಿದ್ದೇನೆ, ಹೆಗಲೆಲ್ಲ ನೆನೆದಿದೆ,
ಜೊಲ್ಲಿಗೂ ಅಳತೆ ಇದೆಯೆಂದು ನನಗೆ ಗೊತ್ತಿರಲಿಲ್ಲ.
ಎಲ್ಲಿಯದೋ ಕೂಸಿನ ಹಾಲುಹಲ್ಲು ತಣ್ಣಗಿರಲಿ.
ನಮ್ಮ ಹಲ್ಲಿಗೆ ಕಂದು ಗೆರೆ ಎಳೆದ ಬೋರಿನ ನೀರು
ಇನ್ನೂ ಯಾವ ಪರೀಕ್ಷೆಗೂ ಕೂತಿಲ್ಲ.

ಆಡಿಟ್ ಇದ್ದ ದಿನವೇ ಮೂರನೇ ಸಾಲಿನಲ್ಲಿ
ಶಹತಾಜಳ ಸೂಜಿ ಟಕ್ಕೆಂದಿತು.
ಎರಡು ತುಂಡು ತಂದಳು. ತುದಿ ಇಲ್ಲ.
ಸಾಲು ನಿಂತಿತು. ಅಯಸ್ಕಾಂತ ನೆಲ ಗುಡಿಸಿತು.
ಹಳದಿ ಬಾತುಕೋಳಿಯ ನಲವತ್ತು ಅಂಗಿಗಳು
ಒಂದರ ಹಿಂದೊಂದು ಯಂತ್ರದ ಬಾಯೊಳಗೆ ಹೋಗಿ
ಸದ್ದಿಲ್ಲದೆ ಆಚೆ ಬಂದವು.
ಸಿಗದಿದ್ದರೆ ಪೆಟ್ಟಿಗೆ ಪೂರ್ತಿ ಸುಡಬೇಕು ಎಂದು
ಬೆವರು ಒರೆಸಿಕೊಂಡರು ಸೂಪರ್‌ವೈಸರ್ ನಾಗಭೂಷಣ.

ಅವಳ ಎಡಗೈ ದುಪಟ್ಟದೊಳಗಿತ್ತು.
'ಏನಿಲ್ಲಕ್ಕ' ಅಂದಳು, ನಾನು ಏನೂ ಕೇಳುವ ಮೊದಲೇ.

ಬಾಗಿಲ ಬಳಿ ಇನ್ನೊಂದು ಹಲಗೆ ಇದೆ:
ಅಪಘಾತವಿಲ್ಲದ ದಿನಗಳು, ಇನ್ನೂರ ಹನ್ನೊಂದು.
ಇನ್ನೂರ ಐವತ್ತಾದರೆ ಎಲ್ಲರಿಗೂ ಒಂದೊಂದು ಕುಕ್ಕರು.
ಇಡೀ ಸಾಲು ಅದರ ಸೀಟಿ ಆಗಲೇ ಕೇಳಿಸಿಕೊಂಡಿದೆ.

ಕೈ ಹಿಡಿದು ಯಂತ್ರದ ಬಳಿ ಕರೆದೊಯ್ದೆ.
ಅಂಗಿ ಇಡುವ ಬೆಲ್ಟಿನ ಮೇಲೆ ಬೆರಳು ಇಡಿಸಿದೆ.
ಕೀಂ ಎಂದಿತು ಯಂತ್ರ.
ನಲವತ್ತು ಅಂಗಿಗೆ ಅನ್ನದ್ದು.

ಉಗುರಿನ ಪಕ್ಕ, ಕಪ್ಪು ಚುಕ್ಕೆಯಷ್ಟೇ.
ಚಿಮಟದಲ್ಲಿ ಎಳೆದೆ. ಅವಳು ತುಟಿ ಕಚ್ಚಿದಳು, ಅಷ್ಟೇ.
ತೊಳೆದು, ಒರೆಸಿ, ತುದಿಯನ್ನು ನಡುವಿಗೆ ಕೂಡಿಸಿದೆ.
ಉದ್ದ ಸರಿಹೋಯಿತು.

ಎಲ್ಲಿ ಸಿಕ್ಕಿತು? ಎಂಬ ಕಾಲಂ.
ನೆಲ, ಯಂತ್ರ, ಬಟ್ಟೆ: ಮೂರರಲ್ಲಿ ಒಂದಕ್ಕೆ ಟಿಕ್ಕು.
ಪಕ್ಕದ ಖಾಲಿ ಜಾಗದಲ್ಲಿ ಬರೆದೆ, ಬೆರಳು.
ಮತ್ತು ಟೇಪು ಅಂಟಿಸಿದೆ.

ಆಡಿಟರ್ ಕೊಯಮತ್ತೂರಿನವರು, ಒಳ್ಳೆಯ ಮನುಷ್ಯರು,
ಕನ್ನಡ ಓದಲು ಬರುವುದಿಲ್ಲ. ಇದೇನು ಎಂದರು.
ನಾಗಭೂಷಣ ನನ್ನ ಕಡೆ ನೋಡದೆ,
'ನೆಲ' ಎಂದು ಓದಿ ಹೇಳಿದರು.
ನಾನೂ ಬಾಯಿ ಬಿಡಲಿಲ್ಲ. ಕುಕ್ಕರು ನನಗೂ ಬೇಕಿತ್ತು.

ಮಾರನೆಯ ಬೆಳಿಗ್ಗೆ ಹಲಗೆಯಲ್ಲಿ ಇನ್ನೂರ ಹನ್ನೆರಡು.
ಶಹತಾಜ್ ಬೆರಳಿಗೆ ಬಾತುಕೋಳಿ ಅಂಗಿಯ ಚೂರು ಸುತ್ತಿದ್ದಳು,
ಬಣ್ಣ ಬಿಡದ ಬಟ್ಟೆ,
ಆದರೂ ಒಂದು ಕಡೆ ಕೆಂಪಾಗಿತ್ತು.

ರಿಜಿಸ್ಟರು ಐದು ವರ್ಷ ಕಾಪಿಡಬೇಕೆಂಬ ನಿಯಮವಿದೆ.
ಬೀರುವಿನಲ್ಲಿ ಇಟ್ಟಿದ್ದೇನೆ, ಪುಟ ಎಪ್ಪತ್ತಾರು.
ಓದಲು ಬರುವವರು ಯಾರಾದರೂ ಬಂದರೆ ಬರಲಿ.