ಮೊದಲ ಸಾವಿರ

ಕೈಪಿಡಿಯ ಮೂವತ್ತೊಂದನೆಯ ಪುಟ ಹೇಳುತ್ತದೆ:
ಮೊದಲ ಸಾವಿರ ಕಿಲೋಮೀಟರು
ಓಡಿಸಬೇಡಿ, ನಡೆಸಿ.
ಒಂದೇ ವೇಗದಲ್ಲಿ ಬಹಳ ಹೊತ್ತು ಬೇಡ,
ಎಂಜಿನ್ನು ಅರಚುವಷ್ಟು ತುಳಿಯಬೇಡಿ.
ಒಳಗಿನ ಉಂಗುರಗಳು ಸಿಲಿಂಡರಿನ ಗೋಡೆಗೆ
ಇನ್ನೂ ಹೊಂದಿಕೊಳ್ಳಬೇಕು.

ಪಕ್ಕದಲ್ಲಿ ಅಪ್ಪ, ತೊಡೆಯ ಮೇಲೆ ಹ್ಯಾಟು.
ಸೀಟಿನ ಪ್ಲಾಸ್ಟಿಕ್ ತೆಗೆಯಗೊಟ್ಟಿಲ್ಲ.
"ಹೊಸ ಬೂಟೂ ಹೀಗೇ," ಅಂದ.
"ಮೊದಲ ವಾರ ಅದು ನಿನ್ನನ್ನು ಪಳಗಿಸುತ್ತದೆ,
ಆಮೇಲೆ ನೀನು ಅದನ್ನು."

ಜಬೊಟಿಕಬಾಲ್ ದಾಟಿದ ಮೇಲೊಂದು ಬಂಕು.
ಪಂಪಿನ ಹುಡುಗ ಕ್ಲೇಡಿಸನ್ ಕಿಟಕಿಗೆ ಬಗ್ಗಿ
ಬ್ರೆಜಿಲಿನಲ್ಲಿ ಎಲ್ಲರಿಗೂ ಕೇಳುವುದನ್ನೇ ಕೇಳಿದ:
"ಆಲ್ಕೋಹಾಲೋ, ಪೆಟ್ರೋಲೋ?"

ಶೋರೂಮಿನವ ಹೇಳಿದ್ದ: ಮೊದಲ ಟ್ಯಾಂಕು ಪೆಟ್ರೋಲೇ ಇರಲಿ.
ಮೆಕ್ಯಾನಿಕ್ ವಾಲ್ಡೆಮಿರ್: ಎರಡೂ ಕುಡಿಸು,
ಎರಡರ ರುಚಿಯೂ ಗೊತ್ತಿರಲಿ.
ಅತ್ತಿಗೆ ಜಂಡೀರಾ: ಆಲ್ಕೋಹಾಲೇ? ಚಳಿಯ ಬೆಳಿಗ್ಗೆ
ರಜೆಯ ದಿನದ ಮಕ್ಕಳ ಹಾಗೆ, ಏಳುವುದೇ ಇಲ್ಲ.
ನಾನು ಶಾಲೆಯಲ್ಲಿ ನಾನೂರು ತಟ್ಟೆಗೆ ಬೇಯಿಸುವವಳು,
ಲೆಕ್ಕ ಬರುತ್ತದೆ:
ಅದರ ಬೆಲೆ ಇದರ ಬೆಲೆಯ
ಹತ್ತರಲ್ಲಿ ಏಳರೊಳಗಿದ್ದರೆ ಲಾಭ.
ಇವತ್ತು ಆರೂಮುಕ್ಕಾಲು.

"ಆಲ್ಕೋಹಾಲು. ತುಂಬಿಸು."

ಹುಳಿಬಂದ ಕಬ್ಬಿನಹಾಲಿನ ವಾಸನೆ.
ಅಪ್ಪ ಗಾಜು ಇಳಿಸಿದ.
ಇಪ್ಪತ್ತಾರು ಕಟಾವು ಕಂಡವನು;
ರಾತ್ರಿ ಬೆಂಕಿಯಿಟ್ಟ ಗದ್ದೆಗೆ ನಸುಕಿನಲ್ಲಿ ಇಳಿದು
ಮಸಿ ಮೆತ್ತಿದ ಕಬ್ಬನ್ನು
ಬುಡಕ್ಕೆ ಬಾಗಿ ಬಾಗಿ ಕಡಿದವನು.
ಎಡ ಮೊಣಕಾಲು ಇವತ್ತಿಗೂ
ಎಣ್ಣೆ ಕಾಣದ ಬಾಗಿಲು.
ಅವನಿಗೆ ಮೂವತ್ತೊಂದನೆಯ ಪುಟ ಇರಲಿಲ್ಲ.
ಮೊದಲ ದಿನವೇ ಐದು ಟನ್ನು,
ಮುಂದಿನ ವಾರದಿಂದ ಎಂಟು.

ಅಂಕಿ ನಲವತ್ತು ಲೀಟರಿಗೆ ನಿಂತಿತು.
ಕಣ್ಣು ಕಿರಿದು ಮಾಡಿ ಓದಿದ,
ಬೆರಳ ಗೆಣ್ಣಿನಲ್ಲಿ ಏನೋ ಎಣಿಸಿದ.
"ಅರ್ಧ ಟನ್ನು ಕಬ್ಬು," ಅಂದ,
"ಕಾಫಿಯ ಫ್ಲಾಸ್ಕು ತೆರೆಯುವ ಮುಂಚಿನದು."

ಕ್ಲೇಡಿಸನ್ ಅರ್ಥವಾಗದೆ ನಕ್ಕ.
ನಾನು ಕಾರ್ಡು ಕೊಟ್ಟೆ.

ಹೆದ್ದಾರಿಯಲ್ಲಿ ಎಲ್ಲರೂ ಹಾರ್ನು ಬಾರಿಸಿದರು.
ಎರಡೆರಡು ಟ್ರೇಲರು ಕಬ್ಬು ಹೇರಿದ ಲಾರಿಗಳೂ
ನನ್ನನ್ನು ದಾಟಿಹೋದವು, ಗಾಜಿನ ಮೇಲೆ ಸೋಗೆ ಚೆಲ್ಲಿ.
ಅರವತ್ತು, ಎಂಬತ್ತು, ಮತ್ತೆ ಅರವತ್ತು.
"ಜೋರಾಗಿ ಹೋಗಬಹುದಲ್ಲ."
"ನೂರ ಹನ್ನೆರಡೇ ಆಗಿರೋದು, ಅಪ್ಪ."
"ಹಾಗಾದರೆ ಬೇಡ."

ಸ್ವಲ್ಪ ದೂರ ಹೋದ ಮೇಲೆ,
ಯಾರೂ ಹೇಳದೆ,
ಸೀಟಿನ ಪ್ಲಾಸ್ಟಿಕ್ಕನ್ನು ಒಂದು ಮೂಲೆಯಿಂದ
ಸುಲಿಯತೊಡಗಿದ.