ಟೋಪಿಯ ಹಿಂಬದಿ

ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ: ಮಡಿಕೇರಿ, ೧೯೩೧.
ಹೆಸರುಗಳಿಲ್ಲ.
ಕುರ್ಚಿಗಳಲ್ಲಿ ಕುಪ್ಯ ತೊಟ್ಟ ಗಂಡಸರು ಐವರು,
ಹಿಂದೆ ನಿಂತ ಹೆಂಗಸರು ನಾಲ್ವರು,
ಮೂವರ ತಲೆಗೆ ವಸ್ತ್ರ.
ಕೊನೆಯವಳಿಗೆ ಟೋಪಿ.

ಗಂಟೆಯಂಥ ಟೋಪಿ, ಹುಬ್ಬಿನ ತನಕ ಇಳಿದದ್ದು,
ಮುಂದಕ್ಕೆ ಚೂರು ವಾಲಿದೆ
ಬಾವಿ ಇಣುಕುವವರ ಹಾಗೆ.

ಬೊಳ್ಳವ್ವ ಚಿಕ್ಕಮ್ಮ ಹೇಳುತ್ತಾಳೆ, ಡಾಕ್ಟರ ಹೆಂಡತಿ.
ಅವಳ ತಮ್ಮ: ಅಲ್ಲ, ಕಾನ್ವೆಂಟಿನ ಪಿಯಾನೊ ಟೀಚರು.
ಇನ್ಯಾರೋ: ಮದ್ರಾಸಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದವಳು,
ಆಮೇಲೆ ಯಾರೂ ಮಾತಾಡಿಸಲಿಲ್ಲವಂತೆ.
ನನಗೆ ಬೇಕಾದದ್ದು ಅವಳಲ್ಲ, ಟೋಪಿ
ಅಂದುಕೊಂಡಿದ್ದೆ.

ವಿರಾಜಪೇಟೆಯಲ್ಲಿ ನನ್ನದು ಒಂದು ಕಿಟಕಿ, ಒಂದು ಉಷಾ ಮೆಷಿನ್ನು.
ರವಿಕೆ, ಫಾಲ್ಸು, ಶಾಲೆ ಚಡ್ಡಿಗಳ ಕಿತ್ತ ಝಿಪ್ಪು.
ಸಂಜೆ ಆರರ ಮೇಲೆ ಯಾರ ಅಳತೆಯೂ ಇಲ್ಲ.
ಕ್ಯಾಲೆಂಡರಿನ ಬೆನ್ನಿಗೆ ಆರು ಎಸಳು ಬರೆದು,
ಹಳೇ ಲುಂಗಿಯಲ್ಲಿ ಕತ್ತರಿಸಿ ಹೊಲಿದು ನೋಡಿದೆ.
ಮೊದಲನೆಯದು ಸೌತೆಕಾಯಿ.
ಎರಡನೆಯದು, ದೇವರಾಣೆ, ಕೋಳಿ ಮುಚ್ಚುವ ಬುಟ್ಟಿ.

ತಲೆಯಿಲ್ಲದೆ ಟೋಪಿ ಆಗುವುದಿಲ್ಲ.
ಬುಧವಾರದ ಸಂತೆಯಲ್ಲಿ ಟೇಪು ಹಿಡಿದು ಕುಂಬಳ ಅಳೆದೆ,
ಇಪ್ಪತ್ತೆರಡು ಇಂಚು ಬರುವ ತನಕ ಒಂದೊಂದನ್ನೇ.
ಮಾರುವವನು ಕೇಳಿದ:
ಯಾರ ಮದುವೆ ಅಕ್ಕ, ಕುಂಬಳಕ್ಕೂ ರವಿಕೆಯಾ?

ಅಟ್ಟದಲ್ಲಿ ಮಾವನ ಮಿಲಿಟರಿ ಓವರ್‌ಕೋಟು.
ತೋಳುಗಳನ್ನು ನುಸಿ ತಿಂದಿತ್ತು, ಬೆನ್ನು ಗಟ್ಟಿ.
ಬೆನ್ನಿನಿಂದ ಆರು ಎಸಳು ತೆಗೆದೆ.
ಒಳಗೆ ಬಿಗಿಗೆ ಕಾಫಿ ಚೀಲದ ಗೋಣಿ, ಗಂಜಿ ಹಾಕಿ ಒಣಗಿಸಿದ್ದು.
ಕಡಂಬುಟ್ಟು ಬೇಯುತ್ತಿತ್ತು. ಮುಚ್ಚಳ ತೆಗೆದು
ಆ ಹಬೆಗೇ ಉಣ್ಣೆ ಹಿಡಿದೆ,
ಮೆತ್ತಗಾದದ್ದನ್ನು ಕುಂಬಳಕ್ಕೆ ಎಳೆದು, ಟ್ವೈನಿನಲ್ಲಿ ಬಿಗಿದು
ಎರಡು ರಾತ್ರಿ ಒಲೆಯ ಪಕ್ಕ ಕೂರಿಸಿದೆ.
ಗಂಡ ನೀರು ಕುಡಿಯಲು ಎದ್ದವನು
ಕತ್ತಲಲ್ಲಿ ಅದಕ್ಕೆ "ಯಾರು?" ಅಂದ.

ಮೂರನೆಯ ದಿನ ತಲೆಯನ್ನು ಕರಿ ಮಾಡಿ ಉಂಡೆವು.

ಫೋಟೋದಲ್ಲಿ ಟೋಪಿಯ ಹಿಂಬದಿ ಕಾಣುವುದಿಲ್ಲವಲ್ಲ.
ಮುಂದಿನ ಹಾಗೇ ಹಿಂದೂ ಇರಬೇಕೆಂದು
ಸುತ್ತ ಅಂಚು ಕಟ್ಟಿ, ಕಂದು ರಿಬ್ಬನ್ನು ಹೊಲಿದು,
ಕನ್ನಡಿಯೆದುರು ಹಾಕಿಕೊಂಡರೆ
ಅನ್ನ ಉಕ್ಕುವಾಗಿನ ಮುಚ್ಚಳ!
ಇಳಿಯಲೊಲ್ಲದು. ತುರುಬಿಗೆ ಸಿಕ್ಕಿ ನಿಂತಿದೆ.
ಒತ್ತಿದೆ. ಮುಂದಕ್ಕೆ ವಾಲಿತು,
ಬಾವಿ ಇಣುಕುವವರ ಹಾಗೆ.

ಒಂದು ನಿಮಿಷ.

ಫೋಟೋ ತಂದು ಬಲ್ಬಿನ ಕೆಳಗೆ ಹಿಡಿದೆ.
ಕತ್ತರಿಸಿದ ಕೂದಲಾದರೆ ಟೋಪಿ ಕತ್ತಿಗೆ ಕೂರುತ್ತದೆ,
ವಾಲುವುದಿಲ್ಲ.
ಹಿಂದಿನಿಂದ ಏನೋ ದೂಡುತ್ತಿದೆ ಅವಳನ್ನೂ.
ತುರುಬು ಇತ್ತು. ನನ್ನಷ್ಟೇ ದಪ್ಪದ್ದು.
ಆದರೂ ಹುಬ್ಬಿನ ತನಕ ಇಳಿದಿದೆ ಅಂದರೆ
ಕತ್ತರಿ ಹಿಡಿದದ್ದು ಕೂದಲಿಗಲ್ಲ.

ಎಷ್ಟು ದಡ್ಡಿ ನಾನು.
ಸೀರೆಯ ನೆರಿಗೆಯನ್ನೇ ಹಿಂದಕ್ಕೆ ಸಿಕ್ಕಿಸುವ ಊರಿನಲ್ಲಿ ಹುಟ್ಟಿ
ಮುಂದೆ ನೋಡುತ್ತಾ ಕೂತಿದ್ದೆ.

ಹಿಂದಿನ ಹೊಲಿಗೆ ಬಿಚ್ಚಿದೆ, ನಾಲ್ಕು ಬೆರಳಗಲ.
ಸೀಳಿನ ಎರಡೂ ಅಂಚಿಗೆ ರಿಬ್ಬನ್ನು ಮಡಚಿ ಕೈಹೊಲಿಗೆ,
ಕೆಳಗೆ ರವಿಕೆಯ ಹುಕ್ಕು ಎರಡು.
ತುರುಬು ಹೊರಗೆ ಬಂತು. ಟೋಪಿ ಇಳಿಯಿತು.
ಅವಳು ಹೀಗೇ ಮಾಡಿದ್ದಳೋ, ಬೇರೆ ಉಪಾಯವೋ,
ಹುಕ್ಕೋ, ಗುಂಡಿಯೋ, ಬರೀ ಪಿನ್ನೋ
ಗೊತ್ತಿಲ್ಲ.
ಡಾಕ್ಟರ ಹೆಂಡತಿಯೋ ಟೀಚರೋ, ಅದೂ ಗೊತ್ತಿಲ್ಲ.
ಹೊಲಿಗೆ ಮಾತ್ರ ಅವಳಿಗೆ ಬರುತ್ತಿತ್ತು.

ಬೆಳಿಗ್ಗೆ ಜೈನಬಾ ಬಂದಳು, ಮಗಳ ಲಂಗಕ್ಕೆ ಎಲಾಸ್ಟಿಕ್ಕಿಗೆ.
ಗೂಟದಲ್ಲಿದ್ದ ಟೋಪಿ ತಿರುಗಿಸಿ ನೋಡಿ,
"ಹಿಂದೆ ಹರಿದಿದೆಯಲ್ಲ, ಹೊಲಿಯೋದಿಲ್ವಾ?"

ನಾನು ಏನೂ ಹೇಳದೆ ಹಾಕಿಕೊಂಡು
ಅವಳಿಗೆ ಬೆನ್ನು ತಿರುಗಿಸಿ ನಿಂತೆ.

ಸ್ವಲ್ಪ ಹೊತ್ತು ಸದ್ದಿಲ್ಲ.
ಆಮೇಲೆ ಅವಳ ಕೈ ತಟ್ಟದ ಮೇಲಿಂದಲೇ
ತನ್ನ ತುರುಬು ಹುಡುಕಿದ್ದು ಕನ್ನಡಿಯಲ್ಲಿ ಕಂಡೆ.

ಟೇಪು ತೆಗೆದೆ.