ಹನ್ನೆರಡರ ರಸೀದಿ

ಅಂಕೋಲೆಯ ಮೀನುಪೇಟೆಯಲ್ಲಿ ನೆಲಬಾಡಿಗೆ ಎತ್ತುವವನು ನಾನು.
ಬುಟ್ಟಿಗೆ ಹತ್ತು ರೂಪಾಯಿ, ನೀಲಿ ಕಾರ್ಬನ್ ಹಾಳೆ,
ಬೆರಳಿಗೆ ಸದಾ ಬಂಗಡೆಯ ಬೆಳ್ಳಿ.

ಆ ಸೋಮವಾರದಿಂದ ಹನ್ನೆರಡು.
ಮೇಲಿನ ಎರಡು, ಪೇಟೆ ಮೂಲೆಯ ದೇವರಿಗೆ.
ಠರಾವು ಆಗಿದೆ, ಸಹಿ ಬಿದ್ದಿದೆ, ರಬ್ಬರ್ ಮುದ್ರೆಯೂ.
ಕೊಟ್ಟರು ಎಲ್ಲರೂ. ಫೆರ್ಮಿನಾ ಗೊಣಗಿ ಕೊಟ್ಟಳು.
ಹಲೀಮಾ ನೋಟು ಮಡಚಿ ಕೊಟ್ಟಳು,
ನನ್ನ ಮುಖ ನೋಡದೆ.

ಮಂಕಾಳಿ ಹರಿಕಂತ್ರ ಕೊಡಲಿಲ್ಲ.
ಆ ಗುಡಿಯ ಮೆಟ್ಟಿಲು ದಿನಾ ತೊಳೆಯುವವಳು ಅವಳೇ,
ಬೋಣಿಯ ಮೊದಲ ನಾಣ್ಯ ಅಲ್ಲಿಗೇ.
"ಹತ್ತು ತಕೊ. ನೆಲ ನಿಮ್ದು.
ದೇವ್ರು ನಂದು. ಅದ್ಕೆ ಎಂತಾ ರಸೀದಿ?"
ಎರಡೇ ರೂಪಾಯಿ ಮಾರಾಯ್ತಿ, ಅಂದೆ.
"ಎರಡೇ ಆದ್ರೆ ನಿಂಗೆ ಎಂತಕ್ಕೆ ಬೇಕು?"
ಅನ್ನುತ್ತ ಶೆಟ್ಲಿಯ ಸಿಪ್ಪೆ ಸುಲಿಯುತ್ತಲೇ ಇದ್ದಳು.

ಸಂಜೆ ಗ್ರಂಥಾಲಯದಲ್ಲಿ, ಫ್ಯಾನಿನಡಿಯ ಕುರ್ಚಿ ಕಾಯ್ದಿರಿಸಲು
ಕೈಗೆ ಸಿಕ್ಕ ಪುಸ್ತಕ ಎಳೆದೆ:
ಗೆದ್ದಲು ಅರ್ಧ ಓದಿ ಬಿಟ್ಟ ಅಮೆರಿಕದ ಚರಿತ್ರೆ.
ವರ್ಜೀನಿಯಾ ಅಂತೆ. ಧರ್ಮ ಬೋಧಿಸುವವರ ಸಂಬಳಕ್ಕೆ
ಊರಿಗೆಲ್ಲ ತೆರಿಗೆ ಹಾಕೋಣ ಎಂದರಂತೆ.
ಬೇಡವೆಂದವರಲ್ಲಿ ಬಹಳ ಮಂದಿ
ದೇವರನ್ನು ಬಿಟ್ಟವರಲ್ಲ,
ಹೊಳೆಯಲ್ಲಿ ಪೂರ್ತಿ ಮುಳುಗಿ ದೀಕ್ಷೆ ಪಡೆದವರು,
ಪರವಾನಗಿ ಇಲ್ಲದೆ ಉಪದೇಶಿಸಿ ಜೈಲು ಸೇರಿ
ಸರಳುಗಳ ನಡುವಿಂದ ಕೈಚಾಚಿ
ಹೊರಗೆ ನಿಂತವರಿಗೆ ಉಪದೇಶ ಮುಂದುವರಿಸಿದವರು.
ಮೂರೇ ಮೂರು ಪೆನ್ಸ್ ಆದರೂ ಸರಿ,
ಇಂದು ಅಷ್ಟನ್ನು ಕಸಿಯಬಲ್ಲ ಕೈ ನಾಳೆ
ಎಂಬಲ್ಲಿಗೆ ಪುಟ ಮುಗಿದಿತ್ತು.
ಮುಂದಿನದು ಗೆದ್ದಲ ಪಾಲು.

ಅದೇ ಸೀಮೆಯ ಹೊಲಗಳಲ್ಲಿ
ಮನುಷ್ಯರನ್ನು ತಲೆಯೆಣಿಸಿ ಮಾರಿದ ಪಟ್ಟಿ ಮಾತ್ರ
ನಾಲ್ಕು ಹಾಳೆ ಆಚೆ, ಇಡಿಯಾಗಿತ್ತು.
ಅದನ್ನೂ ಓದಿದೆ. ಫ್ಯಾನು ನಿಂತಿತ್ತು, ಏಳಲಿಲ್ಲ.

ವಾರವಿಡೀ ಮಂಕಾಳಿಯ ಎರಡನ್ನು
ನಾನೇ ಕಿಸೆಯಿಂದ ತುಂಬಿದೆ, ಲೆಕ್ಕ ಕೂಡಬೇಕಲ್ಲ.
ಶನಿವಾರ ಹೊಳೆಯಿತು:
ಬಾಯಿ ಬಿಡದೆ ಕೊಡುತ್ತಿರುವವ ನಾನೇ.

ಸೋಮವಾರ ಅವಳ ರಸೀದಿಯಲ್ಲಿ
ಅಚ್ಚಾದ ಹನ್ನೆರಡಕ್ಕೆ ಗೀಟೆಳೆದು ಹತ್ತು ಬರೆದೆ.
ಪೆನ್ನು ಒತ್ತಿಯೇ ಬರೆದೆ,
ಕೆಳಗಿನ ಪ್ರತಿಗೂ ಮೂಡಲಿ ಎಂದು.
ಮುಖ್ಯಾಧಿಕಾರಿಯ ನೋಟಿಸು ಬಂದಿದೆ, ಕಿಸೆಯಲ್ಲಿದೆ,
ಅದಕ್ಕೂ ಮೀನಿನ ವಾಸನೆ.

ಫೆರ್ಮಿನಾ ಈಗ ಹತ್ತೇ ಚಾಚುತ್ತಾಳೆ.
ಹಲೀಮಾ ಇನ್ನೂ ಹನ್ನೆರಡು ಕೊಡುತ್ತಾಳೆ.
ಆದರೆ ಕೊಡುವಾಗ
ಮುಖ ನೋಡುತ್ತಾಳೆ.